ಶಾಲೆಯಲ್ಲಿ ಸಿನಿಮಾ: ಪಾಠಕ್ಕೆ ಜತೆಯಾಗಲಿ, ಅಧ್ಯಾಪಕರಿಗೆ ಬದಲಿಯಾಗದಿರಲಿ

ಶಾಲೆಗಳಿಗೆ ಪ್ರೊಜೆಕ್ಟರು ಬಂದ ಮೇಲೆ ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಒಂದು ಆಕ್ಷೇಪ ಆಗಾಗ ಕೇಳಿಬರುತ್ತದೆ. ‘ಮಕ್ಕಳನ್ನು ಶಾಲೆಗೆ ಕಳುಹಿಸುವುದು ಕಲಿಯಲಿಕ್ಕೆ. ಸಿನಿಮಾ ನೋಡಲಿಕ್ಕೆ ಮನೆಯಲ್ಲಿ ಟಿವಿ ಇದೆ, ಕೈಯಲ್ಲಿ ಮೊಬೈಲ್ ಇದೆ’ ಎಂಬುದು ಅದರ ಸಾರ. ಹೀಗೆ ಹೇಳುವವರು ಮಕ್ಕಳ ಹಿತ ಬಯಸುವವರೇ. ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಸೇರಿಸಿದ ಹೆತ್ತವರಿಗೆ ವಿಜ್ಞಾನದ ವಿಷಯದಲ್ಲಿ ಮೊದಲೇ ಒಂದು ಅಳುಕಿದೆ. ಹತ್ತನೇ ತರಗತಿ ದಾಟಿ ಹೈಯರ್ ಸೆಕೆಂಡರಿಗೆ ಹೋದರೆ ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ. ಅಷ್ಟರೊಳಗೆ ಬುನಾದಿ ಗಟ್ಟಿಯಾಗಬೇಕು. ಇರುವ ಪೀರಿಯಡ್ಡೂ ಸಿನಿಮಾದಲ್ಲಿ ಕಳೆದುಹೋದರೆ ಹೇಗೆ ಎಂಬ ಆತಂಕ ಸಹಜ.

ಆದರೂ ಈ ಆಕ್ಷೇಪವನ್ನು ಪೂರ್ತಿ ಒಪ್ಪಲಾಗದು. ಜನಪ್ರಿಯ ಸಿನಿಮಾದ ಐದು ನಿಮಿಷದ ಒಂದು ತುಣುಕು, ಅದರ ಹಿಂದೆ ಮುಂದೆ ಕನ್ನಡದಲ್ಲಿ ನಡೆಯುವ ಮಾತುಕತೆ, ಒಂದು ಲೆಕ್ಕ ಅಥವಾ ಒಂದು ಪ್ರಯೋಗ, ಇಷ್ಟು ಕೂಡಿದರೆ ಅದು ಒಳ್ಳೆಯ ವಿಜ್ಞಾನ ಪಾಠ. ಎರಡೂವರೆ ಗಂಟೆಯ ಸಿನಿಮಾ ಹಾಕಿ ಅಧ್ಯಾಪಕರು ಸ್ಟಾಫ್ ರೂಮಿಗೆ ಹೋದರೆ ಅದು ಪಾಠವಲ್ಲ. ಈ ಎರಡರ ವ್ಯತ್ಯಾಸ ಹೆತ್ತವರಿಗೆ ಗೊತ್ತಿರಬೇಕು. ನಮ್ಮ ಗಡಿನಾಡಿನಲ್ಲಂತೂ ಗೊತ್ತಿರಲೇಬೇಕು. ಅದರ ಕಾರಣಕ್ಕೆ ಮುಂದೆ ಬರುತ್ತೇನೆ.

ಮಕ್ಕಳು ಈಗಾಗಲೇ ನೋಡಿದ್ದಾರೆ

ಮಾರ್ಪನಡ್ಕದಲ್ಲೋ ಅಗಲ್ಪಾಡಿಯಲ್ಲೋ ಏತಡ್ಕದಲ್ಲೋ ಏಳನೇ ತರಗತಿಯ ಒಂದು ಮಗುವನ್ನು ಗಮನಿಸಿ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಮಲಯಾಳವೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ, ಸಿನಿಮಾದಲ್ಲಿ ಕನ್ನಡ, ಮಲಯಾಳ, ತುಳು, ತಮಿಳು, ಹಿಂದಿ ಎಲ್ಲ. ಬೆಂಗಳೂರಿನ ಮಗುವಿಗೂ ಇಷ್ಟು ಭಾಷೆಗಳ ಸಿನಿಮಾ ಅರ್ಥವಾಗುವುದಿಲ್ಲ. ರಾಕೆಟ್ ಹಾರುವುದು, ರೋಬೋ ಮಾತಾಡುವುದು, ವೈರಸ್ ಹರಡುವುದು, ಸುನಾಮಿ ಬರುವುದು, ಇವನ್ನೆಲ್ಲ ಮಕ್ಕಳು ಪುಸ್ತಕದಲ್ಲಿ ಓದುವ ಮೊದಲೇ ಸಿನಿಮಾದಲ್ಲಿ ನೋಡಿರುತ್ತಾರೆ. ನೋಡಿದ್ದರಲ್ಲಿ ಸರಿಯೂ ಇದೆ, ತಪ್ಪೂ ಇದೆ. ಯಾವುದು ಸರಿ, ಯಾವುದು ತಪ್ಪು ಎಂದು ಕೇಳುವ ಜಾಗ ಶಾಲೆಯಲ್ಲದೆ ಬೇರೆಲ್ಲಿ?

ಅಡಿಕೆ ಮರ ಮತ್ತು ಬಾಹುಬಲಿ

2017ರ ‘ಬಾಹುಬಲಿ’ ಎರಡನೇ ಭಾಗದ ಕೊನೆಯ ಯುದ್ಧ ಮಕ್ಕಳಿಗೆ ಬಾಯಿಪಾಠ. ತಾಳೆ ಜಾತಿಯ ಮರಗಳನ್ನು ಬಗ್ಗಿಸಿ, ಗುರಾಣಿ ಹಿಡಿದ ಸೈನಿಕರನ್ನು ಅವುಗಳ ತುದಿಯಿಂದ ಕೋಟೆಯೊಳಗೆ ಚಿಮ್ಮಿಸುವ ದೃಶ್ಯ. ‘ಸುಳ್ಳು ಬಿಡು’ ಎಂದು ನಗಾಡಿ ಬಿಟ್ಟರೆ ಅಲ್ಲಿಗೆ ಮುಗಿಯಿತು. ‘ಇದರಲ್ಲಿ ಎಷ್ಟು ನಿಜ?’ ಎಂದು ಕೇಳಿದರೆ ಒಂದು ಪೀರಿಯಡ್ ಸಾಲದು.

ನಮ್ಮ ಮಕ್ಕಳಿಗೆ ಇದರ ಅರ್ಧ ಉತ್ತರ ತೋಟದಲ್ಲೇ ಇದೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತಿದವರು ಪ್ರತಿಯೊಂದು ಮರದಿಂದ ಕೆಳಗಿಳಿಯುತ್ತಿರಲಿಲ್ಲ. ತುದಿಯಲ್ಲಿ ಮೈಯನ್ನು ತೂಗಿ ಮರವನ್ನು ಬಗ್ಗಿಸಿ ಪಕ್ಕದ ಮರವನ್ನು ಹಿಡಿಯುತ್ತಿದ್ದರು. ಬಿಟ್ಟ ಮರ ಸರ್ರನೆ ನೆಟ್ಟಗಾಗುತ್ತಿತ್ತು. ಬಾಗಿದ ಮರದಲ್ಲಿ ಸೇರಿಕೊಂಡದ್ದು ಪ್ರಚ್ಛನ್ನ ಶಕ್ತಿ. ಮರ ನೆಟ್ಟಗಾಗುವಾಗ ಅದು ಚಲನ ಶಕ್ತಿಯಾಗುತ್ತದೆ. ಬಗ್ಗಿದರೂ ಮುರಿಯದೆ ಮೊದಲಿನಂತಾಗುವ ಗುಣವೇ ಸ್ಥಿತಿಸ್ಥಾಪಕತ್ವ. ಪುಸ್ತಕದಲ್ಲಿ ಸ್ಪ್ರಿಂಗ್‌ನ ಚಿತ್ರವಿರುತ್ತದೆ. ನಮ್ಮಲ್ಲಿ ಅಡಿಕೆ ಮರವೇ ಇದೆ. ಈಗ ಮರ ಹತ್ತುವವರು ಕಡಿಮೆಯಾಗಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅಷ್ಟುದ್ದದ ದೋಟಿ ಯಾಕೆ ಅಷ್ಟು ಹಗುರ, ಬಿದಿರಿನ ದೋಟಿಯಷ್ಟು ಯಾಕೆ ಬಳುಕುವುದಿಲ್ಲ ಎಂಬುದೂ ಅದೇ ಪಾಠಕ್ಕೆ ಸೇರುತ್ತದೆ.

ಇನ್ನು ಸಿನಿಮಾದ ಸೈನಿಕರ ಲೆಕ್ಕ. ಕೋಟೆ ಗೋಡೆ 20 ಮೀಟರ್ ಎತ್ತರ ಎಂದಿಟ್ಟುಕೊಳ್ಳೋಣ. ಅಷ್ಟು ಮೇಲಿಂದ ಬಿದ್ದವನು ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿರುತ್ತಾನೆ. ಒಂದು ಮೀಟರ್ ಅಂತರದೊಳಗೆ ಅವನು ನಿಲ್ಲಬೇಕಾದರೆ ಅವನ ಮೈ ಮೇಲೆ ಬೀಳುವ ಬಲ ಅವನ ತೂಕದ ಸುಮಾರು 20 ಪಟ್ಟು. ಓಡುವ ಬಸ್ಸು ಗೋಡೆಗೆ ಹೊಡೆದಂತೆ. ಗುರಾಣಿ ಅಡ್ಡ ಹಿಡಿದರೆ ಈ ಬಲ ಕಡಿಮೆಯಾಗುತ್ತದೆಯೇ? ಹುಲ್ಲಿನ ರಾಶಿಯ ಮೇಲೆ ಬಿದ್ದರೆ ಯಾಕೆ ಕಡಿಮೆ ಪೆಟ್ಟಾಗುತ್ತದೆ? ಬೈಕಿನ ಹೆಲ್ಮೆಟ್ಟಿನೊಳಗೆ ಥರ್ಮಾಕೋಲಿನಂಥ ಪದರ ಯಾಕಿದೆ? ಒಂಬತ್ತನೇ ತರಗತಿಯ ಸೂತ್ರಗಳೇ ಇದಕ್ಕೆ ಸಾಕು. ಬರೇ ಸೂತ್ರ ಕೊಟ್ಟು ‘ಒಂದು ವಸ್ತು 20 ಮೀಟರ್ ಎತ್ತರದಿಂದ ಬೀಳುತ್ತದೆ’ ಎಂದರೆ ಮಕ್ಕಳು ಆಕಳಿಸುತ್ತಾರೆ. ವಸ್ತುವಿನ ಜಾಗದಲ್ಲಿ ಸಿನಿಮಾದ ಸೈನಿಕ ಬಂದರೆ ಪೆನ್ಸಿಲು ತಾನಾಗಿ ಓಡುತ್ತದೆ.

ಪೂರಿಯೋ ಉಯ್ಯಾಲೆಯೋ?

2019ರ ಆಗಸ್ಟ್ 15ರಂದು ಬಂದ ಹಿಂದಿ ಸಿನಿಮಾ ‘ಮಿಷನ್ ಮಂಗಲ್’ ಇನ್ನೊಂದು ಒಳ್ಳೆಯ ಉದಾಹರಣೆ. ಕಡಿಮೆ ಇಂಧನದಲ್ಲಿ ಮಂಗಳ ಗ್ರಹಕ್ಕೆ ಹೋಗುವುದು ಹೇಗೆ ಎಂದು ವಿವರಿಸಲು ಅದರಲ್ಲಿ ಒಬ್ಬ ವಿಜ್ಞಾನಿ ಪೂರಿ ಕರಿಯುವ ಉದಾಹರಣೆ ಕೊಡುತ್ತಾಳೆ. ಎಣ್ಣೆ ಕಾದ ಮೇಲೆ ಗ್ಯಾಸ್ ಆರಿಸಿದರೂ ಕೆಲವು ಪೂರಿ ಬೇಯುತ್ತವೆ. ಹಾಗೆಯೇ ಬೇಕಾದಾಗ ಮಾತ್ರ ಎಂಜಿನ್ ಉರಿಸಿದರಾಯಿತು ಎಂಬ ಮಾತು. ಅಡುಗೆ ಮನೆಯ ಹೋಲಿಕೆಯಾದ್ದರಿಂದ ಮನಸ್ಸಿನಲ್ಲಿ ನಿಲ್ಲುತ್ತದೆ.

ಆದರೆ ಎಣ್ಣೆ ಬಿಸಿಯಾಗಿ ಉಳಿಯುವುದು ಉಷ್ಣದ ವಿಷಯ, ನೌಕೆ ಎಂಜಿನ್ ಆರಿದ ಮೇಲೂ ಚಲಿಸುತ್ತಲೇ ಇರುವುದು ಜಡತ್ವದ ವಿಷಯ. ಎಣ್ಣೆ ಹೊತ್ತು ಕಳೆದಂತೆ ಆರುತ್ತದೆ. ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿ ಚಲನೆಗೆ ತಡೆಯಿಲ್ಲ. ನಿಜವಾದ ಮಂಗಳಯಾನ 2013ರ ನವೆಂಬರ್ 5ರಂದು ಪಿಎಸ್‌ಎಲ್‌ವಿ ರಾಕೆಟಿನಲ್ಲಿ ಶ್ರೀಹರಿಕೋಟಾದಿಂದ ಹೊರಟಿತು. ಆ ರಾಕೆಟಿಗೆ ನೌಕೆಯನ್ನು ನೇರವಾಗಿ ಮಂಗಳದತ್ತ ಎಸೆಯುವಷ್ಟು ಶಕ್ತಿ ಇರಲಿಲ್ಲ. ಹಾಗಾಗಿ ನೌಕೆ ಭೂಮಿಗೆ ಸುತ್ತು ಹಾಕುತ್ತಾ, ಭೂಮಿಗೆ ಅತಿ ಹತ್ತಿರ ಬಂದಾಗಲೆಲ್ಲ ಸ್ವಲ್ಪ ಎಂಜಿನ್ ಉರಿಸಿ, ತನ್ನ ಕಕ್ಷೆಯನ್ನು ಹಿಗ್ಗಿಸಿಕೊಂಡಿತು. ಡಿಸೆಂಬರ್ 1ರಂದು ಭೂಮಿಯನ್ನು ಬಿಟ್ಟು, 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿತು.

ಇದಕ್ಕೆ ಪೂರಿಗಿಂತ ಉಯ್ಯಾಲೆ ಹೆಚ್ಚು ಹೊಂದುವ ಹೋಲಿಕೆ. ಉಯ್ಯಾಲೆ ಕೆಳಗೆ ಬಂದು ಅತಿ ಜೋರಿನಲ್ಲಿರುವಾಗ ಒಂದು ಸಣ್ಣ ನೂಕು ಕೊಟ್ಟರೆ ಪ್ರತಿ ಸಲವೂ ಇನ್ನಷ್ಟು ಮೇಲೆ ಹೋಗುತ್ತದೆ. ‘ಪೂರಿ ಸರಿಯೋ, ಉಯ್ಯಾಲೆ ಸರಿಯೋ?’ ಎಂದು ಎರಡು ಗುಂಪು ಮಾಡಿ ವಾದ ಮಾಡಿಸಿ ನೋಡಿ. ಒಂದು ಹೋಲಿಕೆ ಎಲ್ಲಿಯವರೆಗೆ ಸರಿ, ಎಲ್ಲಿಂದ ಹಳಿ ತಪ್ಪುತ್ತದೆ ಎಂದು ತಿಳಿಯುವುದು ವಿಜ್ಞಾನದಲ್ಲಿ ದೊಡ್ಡ ಕಲಿಕೆ. ಮಾತು ಮುಗಿಸುವಾಗ ಇಸ್ರೋ ಸಂಸ್ಥೆಯನ್ನು 1984ರಿಂದ ಹತ್ತು ವರ್ಷ ಮುನ್ನಡೆಸಿದ ಯು. ಆರ್. ರಾವ್ ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದವರು ಎಂದು ಸೇರಿಸಿದರೆ, ರಾಕೆಟು ನಮ್ಮಿಂದ ಅಷ್ಟೇನೂ ದೂರದ್ದಲ್ಲ ಎಂದು ಮಕ್ಕಳಿಗೆ ಅನ್ನಿಸುತ್ತದೆ.

ತಪ್ಪೂ ಪಾಠವೇ

ಸಿನಿಮಾದ ತಪ್ಪುಗಳನ್ನು ಹುಡುಕುವುದು ಮಕ್ಕಳಿಗೆ ಬಹಳ ಇಷ್ಟ. ಸಿನಿಮಾದಲ್ಲಿ ಮಿಂಚೂ ಗುಡುಗೂ ಒಟ್ಟಿಗೇ ಬರುತ್ತವೆ. ತುಲಾ ಮಾಸದ ಸಂಜೆಯ ಮಳೆಯಲ್ಲಿ ನಮ್ಮ ಗುಡ್ಡಗಳ ಮೇಲೆ ಹಾಗೆ ಬರುವುದಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ ಕಿಲೋಮೀಟರಿಗೆ ಮೂರು ಸೆಕೆಂಡು. ಮಿಂಚಿದ ಕೂಡಲೇ ಎಣಿಸತೊಡಗಿ, ಗುಡುಗು ಕೇಳಿದಾಗ ನಿಲ್ಲಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ದೂರ ಎಂದು ಗೊತ್ತಾಗುತ್ತದೆ. ಎಣಿಕೆ ಮೂವತ್ತು ತಲಪುವ ಮೊದಲೇ ಗುಡುಗು ಕೇಳಿದರೆ ಅಂಗಳದಿಂದ ಒಳಗೆ ಬರಬೇಕು. ಸಿಡಿಲಿಗೆ ಪ್ರತಿ ವರ್ಷವೂ ಹೆದರುವ ನಮ್ಮ ಊರುಗಳಲ್ಲಿ ಇದು ಪರೀಕ್ಷೆಗಿಂತ ದೊಡ್ಡ ಪ್ರಯೋಜನ.

ತಮಿಳಿನ ‘ದಶಾವತಾರಂ’ (2008) ಸಿನಿಮಾದ ಕೊನೆಯಲ್ಲಿ ಸುನಾಮಿ ಬಂದು ಸಮುದ್ರದ ಉಪ್ಪು ಅಪಾಯಕಾರಿ ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತದೆ. ಉಪ್ಪಿಗೆ ಆ ಶಕ್ತಿ ಇದೆಯೇ? ನಮ್ಮ ಮನೆಗಳಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತೇವೆ, ತಿಂಗಳುಗಟ್ಟಲೆ ಕೊಳೆಯುವುದಿಲ್ಲ. ಮಾವಿನ ಮಿಡಿಯೂ ಹಾಗೆಯೇ. ಉಪ್ಪು ಬ್ಯಾಕ್ಟೀರಿಯಾದ ಜೀವಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ; ಇದು ಅಭಿಸರಣೆ. ಉಪ್ಪು ನೀರಿನಲ್ಲಿ ಸೌತೆಕಾಯಿ ತುಂಡು ಹಾಕಿಟ್ಟರೆ ಅದು ಮೆತ್ತಗಾಗುವುದನ್ನು ತರಗತಿಯಲ್ಲೇ ತೋರಿಸಬಹುದು. ಆದರೆ ವೈರಸ್ ಜೀವಕೋಶವೇ ಅಲ್ಲ. ನಮ್ಮ ರಕ್ತದಲ್ಲೂ ಉಪ್ಪಿದೆ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಲೀಟರಿಗೆ 9 ಗ್ರಾಂ ಉಪ್ಪಿನ ನೀರು, ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳು. ಅಂಥ ರಕ್ತದಲ್ಲೇ ವೈರಸ್ ಓಡಾಡುತ್ತದಲ್ಲ! ಒಂದು ಸಿನಿಮಾ ದೃಶ್ಯ, ಒಂದು ಭರಣಿ ಉಪ್ಪುಸೊಳೆ, ಇಷ್ಟರಲ್ಲಿ ಬ್ಯಾಕ್ಟೀರಿಯಾಕ್ಕೂ ವೈರಸ್ಸಿಗೂ ಇರುವ ವ್ಯತ್ಯಾಸ ಮನದಟ್ಟಾಗುತ್ತದೆ.

ರಜನಿಕಾಂತರ ‘2.0’ (2018) ಮೊಬೈಲ್ ಅಲೆಗಳೇ ಹಕ್ಕಿಗಳನ್ನು ಕೊಲ್ಲುತ್ತಿವೆ ಎಂದು ಹೇಳುತ್ತದೆ. ಹಕ್ಕಿಗಳ ಬಗ್ಗೆ ಕರುಣೆ ಹುಟ್ಟಿಸುವ ಸಿನಿಮಾ, ಒಪ್ಪೋಣ. ಆದರೆ 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ಗುಬ್ಬಚ್ಚಿಗಳು ದೊಡ್ಡ ನಗರಗಳಲ್ಲಿ ಕಡಿಮೆಯಾಗಿದ್ದರೂ ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿವೆ. ಗೋಪುರಗಳೇ ಕಾರಣ ಎಂಬುದಕ್ಕೆ ಗಟ್ಟಿ ಸಾಕ್ಷ್ಯವಿಲ್ಲ. ಗೂಡಿಗೆ ಸಂದಿ ಇಲ್ಲದ ಕಾಂಕ್ರೀಟ್ ಮನೆ, ಮರಿಗಳಿಗೆ ತಿನ್ನಿಸಲು ಹುಳುಗಳ ಕೊರತೆ, ಇವನ್ನೂ ನೋಡಬೇಕಾಗುತ್ತದೆ. ಆ ವರದಿ ತಯಾರಾದದ್ದು ದೇಶದ ಸಾವಿರಾರು ಹಕ್ಕಿ ವೀಕ್ಷಕರು ಎಣಿಸಿ ಬರೆದಿಟ್ಟ ಲೆಕ್ಕದಿಂದ. ನಮ್ಮ ಮಕ್ಕಳೂ ಶಾಲೆಯ ಅಂಗಳದಲ್ಲಿ ಹದಿನೈದು ನಿಮಿಷ ನಿಂತು ಎಣಿಸಬಹುದು. ‘ಸಿನಿಮಾದಲ್ಲಿ ಹೇಳಿದ್ದಾರೆ’ ಎಂಬಲ್ಲಿಂದ ‘ನಾನು ಎಣಿಸಿದ್ದೇನೆ’ ಎಂಬಲ್ಲಿಗೆ ಬಂದ ಮಗು ವಿಜ್ಞಾನದ ಹೊಸ್ತಿಲು ದಾಟಿದಂತೆ.

ಬಾವಲಿಯೂ ಚಾರ್ಲಿಯೂ

ಮಲಯಾಳದ ‘ವೈರಸ್’ (2019) 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡ್, ಮಲಪ್ಪುರಂ ಭಾಗದಲ್ಲಿ 17 ಜನರ ಪ್ರಾಣ ತೆಗೆದ ನಿಪಾ ಜ್ವರದ ಕತೆ. ರೋಗಿ ಯಾರನ್ನು, ಎಲ್ಲಿ, ಯಾವಾಗ ಭೇಟಿಯಾದ ಎಂದು ಒಂದೊಂದೇ ಎಳೆ ಹಿಡಿದು ಹೋಗುವುದು ಆ ಸಿನಿಮಾದ ಜೀವಾಳ. ತರಗತಿಯಲ್ಲಿ ಇದನ್ನು ಮಾಡಿ ತೋರಿಸುವುದು ಸುಲಭ. ಬೆಳಗ್ಗೆ ಒಂದು ಮಗುವಿನ ಅಂಗೈಗೆ ಅರಸಿನ ಪುಡಿ ಹಚ್ಚಿ, ಇಂಟರ್‌ವೆಲ್ ಹೊತ್ತಿಗೆ ಎಷ್ಟು ಕೈ ಹಳದಿಯಾಯಿತು ಎಂದು ನೋಡಿ ನಕಾಶೆ ಬರೆಯಿಸಿದರಾಯಿತು. ಆ ವೈರಸ್ ಹಣ್ಣು ತಿನ್ನುವ ಬಾವಲಿಗಳಲ್ಲಿ ಇರುತ್ತದೆ. ಬಾವಲಿ ಚೀಪಿ ಹಾಕಿದ ಅಡಿಕೆಯನ್ನು ಬೆಳಗ್ಗೆ ಹೆಕ್ಕುವ ರೂಢಿ ನಮ್ಮಲ್ಲಿದೆ. ಹೆಕ್ಕಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಬೇಕು, ಕಚ್ಚಿ ಬಿಟ್ಟ ಪೇರಳೆಯನ್ನು ಕತ್ತರಿಸಿಯೂ ತಿನ್ನಬಾರದು ಎಂದು ಮಗು ಮನೆಗೆ ಬಂದು ಹೇಳಿದರೆ ಪಾಠ ಸಾರ್ಥಕ. ಬಾವಲಿಯನ್ನು ಕೊಲ್ಲಬಾರದು, ಎಷ್ಟೋ ಕಾಡು ಗಿಡಗಳ ಬೀಜ ಹರಡುವುದು ಅದೇ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ನಮ್ಮ ಕಾಸರಗೋಡಿನವರೇ ಆದ ಕಿರಣ್‌ರಾಜ್ ಕೆ. ನಿರ್ದೇಶಿಸಿದ ‘777 ಚಾರ್ಲಿ’ (2022) ನೋಡಿ ಅಳದ ಮಕ್ಕಳಿಲ್ಲ. ಆ ನಾಯಿಗೆ ಕ್ಯಾನ್ಸರ್ ಬರುತ್ತದೆ. ಹತ್ತಿರದ ರಕ್ತಸಂಬಂಧದೊಳಗೇ ಮತ್ತೆ ಮತ್ತೆ ಮರಿ ಹಾಕಿಸಿದ್ದೇ ಮೂಲ ಎಂದು ಕತೆ ಹೇಳುತ್ತದೆ. ಹೈಸ್ಕೂಲಿನ ಅನುವಂಶೀಯತೆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಇಲ್ಲ. ಅಲ್ಲಿಂದ ನಮ್ಮ ಹಟ್ಟಿಯ ಕಾಸರಗೋಡು ಗಿಡ್ಡ ದನಕ್ಕೆ ಬರಬಹುದು. ಒಂದು ತಳಿಯಲ್ಲಿ ಉಳಿದಿರುವ ದನಗಳು ತೀರ ಕಡಿಮೆಯಾದರೆ ಯಾಕೆ ತೊಂದರೆ ಎಂಬುದು ಚಾರ್ಲಿಯ ಕತೆಯಿಂದಲೇ ತಿಳಿಯುತ್ತದೆ.

ಮಾತು ಕನ್ನಡದಲ್ಲಿರಲಿ

ಸಿನಿಮಾ ಯಾವ ಭಾಷೆಯದ್ದಾದರೂ ಆಗಲಿ, ಅದರ ಬಗ್ಗೆ ನಡೆಯುವ ಮಾತು ಕನ್ನಡದಲ್ಲಿರಬೇಕು. ಇದು ಬರೇ ಭಾಷಾಭಿಮಾನದ ಮಾತಲ್ಲ. ಕರ್ನಾಟಕದ ಕನ್ನಡ ಪುಸ್ತಕಗಳಲ್ಲಿ ದಿಕ್ಕಿಲ್ಲದ್ದು ‘ಜವ’, ದಿಕ್ಕು ಸೇರಿದ್ದು ‘ವೇಗ’. ಮಲಯಾಳದಲ್ಲಿ ದಿಕ್ಕಿಲ್ಲದ್ದಕ್ಕೇ ‘ವೇಗಂ’ ಎನ್ನುತ್ತಾರೆ, ದಿಕ್ಕು ಸೇರಿದರೆ ‘ಪ್ರವೇಗಂ’. ಮಲಯಾಳದ ವೀಡಿಯೋ ನೋಡಿ, ಕರ್ನಾಟಕದ ಗೈಡ್ ಓದಿ ಬರೆಯುವ ಮಗುವಿಗೆ ಒಂದೇ ಶಬ್ದ ಎರಡು ಅರ್ಥ ಕೊಡುತ್ತದೆ. ಕನ್ನಡದಲ್ಲೂ ತಮಿಳಿನಲ್ಲೂ ಓದಿದ ನನಗೆ ತಮಿಳಿನವರ ಶಬ್ದ ಹಿಡಿಸುತ್ತದೆ: ಅವರದು ‘ವೇಗಂ’ ಮತ್ತು ‘ತಿಸೈವೇಗಂ’. ದಿಕ್ಕಿನ ವೇಗ ಎಂದು ಶಬ್ದವೇ ಪಾಠ ಹೇಳಿಬಿಡುತ್ತದೆ. ಘರ್ಷಣೆಗೆ ಅವರು ‘ಉರಾಯ್ವು’ ಎನ್ನುತ್ತಾರೆ, ನಮ್ಮ ‘ಉಜ್ಜುವುದು’ ಇದ್ದ ಹಾಗೆ. ಅಧ್ಯಾಪಕರು ‘ಇದಕ್ಕೆ ತುಳುವಿನಲ್ಲಿ ಏನು ಹೇಳುತ್ತೀರಿ, ಮಲಯಾಳದಲ್ಲಿ ಏನು, ನಮ್ಮ ಪುಸ್ತಕದಲ್ಲಿ ಏನು’ ಎಂದು ಬೋರ್ಡಿನಲ್ಲಿ ಸಾಲಾಗಿ ಬರೆಸಿದರೆ ಗೊಂದಲವಾಗಬೇಕಾದದ್ದೇ ಬಲವಾಗುತ್ತದೆ.

ಕನ್ನಡದ ದನಿಯಲ್ಲೇ ನೋಡಬಹುದಾದದ್ದೂ ಈಗ ಸ್ವಲ್ಪ ಸ್ವಲ್ಪ ಬರುತ್ತಿದೆ. ಬಹುಕಾಲ ಕನ್ನಡ ಚಿತ್ರರಂಗ ಡಬ್ಬಿಂಗ್‌ಗೆ ಅಡ್ಡ ನಿಂತಿತ್ತು. ತಮಿಳು ಮಕ್ಕಳು ಡಿಸ್ಕವರಿ ಚಾನೆಲನ್ನು ತಮ್ಮ ಭಾಷೆಯಲ್ಲಿ ಕೇಳುತ್ತಿದ್ದಾಗ ನಮ್ಮವರು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ನೋಡಬೇಕಿತ್ತು. 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ ಆ ಗೋಡೆ ಸಡಿಲವಾಯಿತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ ‘ವೈಲ್ಡ್ ಕರ್ನಾಟಕ’ಕ್ಕೆ ಕನ್ನಡದಲ್ಲಿ ದನಿ ಕೊಟ್ಟವರು ರಿಷಬ್ ಶೆಟ್ಟಿ. ಅಂಥದ್ದನ್ನು ಶಾಲೆಗಳು ಮೊದಲು ಬಳಸಬೇಕು.

ಎಚ್ಚರ ಬೇಕಾದ ಒಂದು ಸಿನಿಮಾ

ಕುಂಬ್ಡಾಜೆಯಲ್ಲಿ ಕುಳಿತು ವಿಜ್ಞಾನ ಮತ್ತು ಸಿನಿಮಾ ಎಂದು ಬರೆಯುವಾಗ ಎಂಡೋಸಲ್ಫಾನ್ ವಿಷಯ ಬಿಟ್ಟು ಹೋಗಲಾಗದು. ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷದ ಬಾಧಿತ ಪಂಚಾಯತುಗಳ ಪಟ್ಟಿಯಲ್ಲಿ ನಮ್ಮದೂ ಒಂದು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ನಿಲ್ಲಿಸಿತು. ಡಾ. ಬಿಜು ನಿರ್ದೇಶಿಸಿ, ಕುಂಜಾಕೊ ಬೋಬನ್ ನಟಿಸಿದ ಮಲಯಾಳ ಸಿನಿಮಾ ‘ವಲಿಯ ಚಿರಗುಳ್ಳ ಪಕ್ಷಿಗಳ್’ (2015) ಇದೇ ಕತೆ. ಪರಿಸರ ಸಂರಕ್ಷಣೆಯ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂದಿದೆ.

ಇದನ್ನು ಇಲ್ಲಿಯ ಶಾಲೆಯಲ್ಲಿ ಹಾಕುವಾಗ ಹತ್ತು ಸಲ ಯೋಚಿಸಬೇಕು. ಬೇರೆ ಜಿಲ್ಲೆಯ ಮಕ್ಕಳಿಗೆ ಅದು ಸಿನಿಮಾ. ಇಲ್ಲಿ ಅದೇ ಬೆಂಚಿನಲ್ಲಿ ಕುಳಿತ ಮಗುವಿನ ಅಣ್ಣನೋ ಚಿಕ್ಕಮ್ಮನೋ ಮನೆಯಲ್ಲಿ ಹಾಸಿಗೆ ಹಿಡಿದಿರಬಹುದು. ನೋವನ್ನು ಪರದೆಯ ಮೇಲೆ ತೋರಿಸಿ ಕಲಿಸಬೇಕಾದ ಅಗತ್ಯ ನಮಗಿಲ್ಲ. ಕಲಿಸಬೇಕಾದದ್ದು ಬೇರೆ ಇದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಹನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಕಾಲು ಮೀಟರ್ ಮಾತ್ರ ಇಳಿಯುತ್ತದೆ. ಹತ್ತು ಮೀಟರ್ ಮೇಲಿಂದ ಬಿಟ್ಟರೆ ನೆಲ ಮುಟ್ಟಲು ನಲ್ವತ್ತು ಸೆಕೆಂಡು. ಅಷ್ಟರೊಳಗೆ ಸೆಕೆಂಡಿಗೆ ಮೂರು ಮೀಟರಿನ ಮೆಲುಗಾಳಿ ಅದನ್ನು 120 ಮೀಟರ್ ದೂರ ಒಯ್ಯುತ್ತದೆ. ಗುಡ್ಡದ ತುದಿಯಲ್ಲಿ ತೋಟ, ಕೆಳಗಿನ ಕಣಿವೆಯಲ್ಲಿ ಮನೆ, ಕೆರೆ, ತೆರೆದ ತೋಡು ಇರುವ ನಮ್ಮ ಊರಿನಲ್ಲಿ ಈ ಲೆಕ್ಕ ಏನು ಹೇಳುತ್ತದೆ ಎಂದು ಮಕ್ಕಳೇ ಯೋಚಿಸಲಿ. ಕೊಳೆಯದೆ ಬಹುಕಾಲ ಉಳಿಯುವ ರಾಸಾಯನಿಕ ಎಂದರೇನು, ಒಂದು ಔಷಧದಿಂದಲೇ ಒಂದು ಕಾಯಿಲೆ ಬಂತು ಎಂದು ಸಾಧಿಸಲು ಯಾವ ಯಾವ ಸಾಕ್ಷ್ಯ ಬೇಕು, ಆ ಸಾಕ್ಷ್ಯ ಕೂಡಿಬರುವ ಮೊದಲು ಮುನ್ನೆಚ್ಚರಿಕೆ ಯಾಕೆ ಬೇಕು ಎಂಬ ಪ್ರಶ್ನೆಗಳು ಹೈಸ್ಕೂಲಿನ ಮಕ್ಕಳಿಗೆ ಎಟಕುವಂಥವೇ. ಆ ಸಿನಿಮಾ ತೋರಿಸುವುದಾದರೆ ಹೆತ್ತವರನ್ನು ಕೇಳಿ, ಅವರನ್ನೂ ಕರೆದು ತೋರಿಸಲಿ.

ನಿಜವಾದ ಅಪಾಯ

ಈಗ ಮೊದಲು ಹೇಳಿದ ಕಾರಣಕ್ಕೆ ಬರೋಣ. 2018ರ ಆಗಸ್ಟಿನಲ್ಲಿ ಬಂದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಸಿನಿಮಾವನ್ನು ನಾವೆಲ್ಲ ನಮ್ಮದೇ ಕತೆ ಎಂದು ನೋಡಿದ್ದೇವೆ. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರ ಎಂಬ ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಶಾಲೆಗೆ ಕನ್ನಡ ಬಾರದ ಗಣಿತದ ಅಧ್ಯಾಪಕರು ಬಂದಾಗ ಮಕ್ಕಳು ಪಡುವ ಪಾಡು ಅದರಲ್ಲಿ ನಗು ಬೆರೆಸಿ ಹೇಳಲ್ಪಟ್ಟಿದೆ. ಪರದೆಯ ಹೊರಗೆ ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಹುದ್ದೆಗೆ ನೇಮಿಸುವುದರ ವಿರುದ್ಧ ಮಕ್ಕಳೂ ಹೆತ್ತವರೂ ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ಬೀದಿಗೆ ಇಳಿಯಬೇಕಾಗಿ ಬಂದಿದೆ.

ಇಂಥ ಪರಿಸ್ಥಿತಿಯಲ್ಲಿ ಪ್ರೊಜೆಕ್ಟರು ಬಹಳ ಅನುಕೂಲದ ನೆಪವಾಗಬಲ್ಲದು. ಕೇರಳದಲ್ಲಿ ಕೈಟ್ ಸಂಸ್ಥೆಯ ಮೂಲಕ ಎಂಟರಿಂದ ಹನ್ನೆರಡರ ವರೆಗಿನ 45,000 ತರಗತಿ ಕೋಣೆಗಳು ಹೈಟೆಕ್ ಆಗಿವೆ. ಒಳ್ಳೆಯದೇ. ಆದರೆ ಪಾಠ ಹೇಳಲು ಮಕ್ಕಳ ಭಾಷೆ ಬಾರದವರಿಗೆ ವೀಡಿಯೋ ಹಾಕುವುದೊಂದೇ ದಾರಿ ಉಳಿದರೆ, ‘ಪಾಠ ನಡೆಯುತ್ತಿದೆ’ ಎಂದು ದಾಖಲೆಯಲ್ಲಿ ಬರೆಯಬಹುದು. ಮಕ್ಕಳ ತಲೆಗೆ ಏನೂ ಹೋಗಿರುವುದಿಲ್ಲ. 2020ರ ಜೂನ್ 1ರಂದು ಫಸ್ಟ್ ಬೆಲ್ ಆನ್‌ಲೈನ್ ತರಗತಿಗಳು ಆರಂಭವಾದ ಮೇಲೆ ಕನ್ನಡದ ತರಗತಿಗಳೂ ತಯಾರಾದವು. ಅವನ್ನು ಮಾಡಿದ ಅಧ್ಯಾಪಕರ ಶ್ರಮ ದೊಡ್ಡದು. ಆದರೂ ಆ ಒಂದೂವರೆ ವರ್ಷ ಮನೆಯಲ್ಲಿ ಮಕ್ಕಳ ಜತೆ ಕುಳಿತ ತಾಯಂದಿರಿಗೆ ಗೊತ್ತು, ಪರದೆಗೆ ಪ್ರಶ್ನೆ ಕೇಳಲು ಆಗುವುದಿಲ್ಲ. ‘ಪೂರಿಯೋ ಉಯ್ಯಾಲೆಯೋ’ ಎಂಬ ವಾದವನ್ನು ನಡೆಸಬೇಕಾದರೆ, ಮಗು ತಡವರಿಸಿ ಹೇಳಿದ ಅರ್ಧ ವಾಕ್ಯವನ್ನು ಹಿಡಿದು ಮುಂದುವರಿಸಬೇಕಾದರೆ, ಆ ಮಗುವಿನ ಭಾಷೆ ಬಲ್ಲ ಅಧ್ಯಾಪಕರೇ ಬೇಕು.

ಹೆತ್ತವರು ಕೇಳಬೇಕಾದದ್ದು

ಹಾಗಾಗಿ ‘ಶಾಲೆಯಲ್ಲಿ ಸಿನಿಮಾ ಬೇಡ’ ಎಂಬ ಆಕ್ಷೇಪದ ಬದಲು ಮುಂದಿನ ರಕ್ಷಕ-ಶಿಕ್ಷಕ ಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಯಾವ ಪಾಠಕ್ಕಾಗಿ ಈ ಸಿನಿಮಾ? ಎಷ್ಟು ನಿಮಿಷ? ನೋಡಿದ ಮೇಲೆ ಮಕ್ಕಳು ಏನು ಲೆಕ್ಕ ಮಾಡಿದರು ಅಥವಾ ಯಾವ ಪ್ರಯೋಗ ಮಾಡಿದರು, ಅದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿದ್ದಾರೆಯೇ? ಆ ಹೊತ್ತಿನಲ್ಲಿ ಕನ್ನಡ ಬಲ್ಲ ಅಧ್ಯಾಪಕರು ತರಗತಿಯಲ್ಲಿ ಇದ್ದರೇ? ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಆ ಶಾಲೆಗೆ ಬೆಂಬಲ ಕೊಡಿ. ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ದೂರು ಸಿನಿಮಾದ ಮೇಲೆ ಬೇಡ, ನೇಮಕಾತಿಯ ಮೇಲೆ ಇರಲಿ. ಅದನ್ನು ಬರವಣಿಗೆಯಲ್ಲಿ ಶಿಕ್ಷಣಾಧಿಕಾರಿಗಳಿಗೆ ಕೊಡಿ.

ಅಧ್ಯಾಪಕರಿಗೂ ಒಂದೆರಡು ಮಾತು. ತುಣುಕು ಐದಾರು ನಿಮಿಷ ಮೀರದಿರಲಿ. ಹಾಕುವ ಮೊದಲೇ ಒಂದು ಪ್ರಶ್ನೆ ಕೊಡಿ, ಮಕ್ಕಳು ಅದನ್ನು ಹುಡುಕುತ್ತಾ ನೋಡಲಿ. ಕುತೂಹಲದ ಜಾಗದಲ್ಲಿ ನಿಲ್ಲಿಸಿ, ‘ಮುಂದೇನಾಗುತ್ತದೆ, ಯಾಕೆ?’ ಎಂದು ಕೇಳಿ. ಸೆನ್ಸಾರ್ ಪ್ರಮಾಣಪತ್ರ ಯಾವುದೆಂದು ನೋಡಿಕೊಳ್ಳಿ. ‘ಎ’ ಇರುವ ಸಿನಿಮಾದ ಒಂದು ದೃಶ್ಯವೂ ಬೇಡ. ಹಕ್ಕುಸ್ವಾಮ್ಯದ ಹೆದರಿಕೆ ಇಟ್ಟುಕೊಳ್ಳಬೇಕಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಅಧ್ಯಾಪಕರು, ವಿದ್ಯಾರ್ಥಿಗಳು, ಹೆತ್ತವರು ಮಾತ್ರ ಇರುವಲ್ಲಿ ಸಿನಿಮಾ ತೋರಿಸಲು ಅವಕಾಶ ಕೊಡುತ್ತದೆ. ಮೊಬೈಲಿನಲ್ಲಿ ಹರಿದಾಡುವ ಕದ್ದ ಪ್ರತಿಗಳನ್ನು ಮಾತ್ರ ಶಾಲೆಗೆ ತರಬೇಡಿ. ಮಕ್ಕಳು ಅದನ್ನೂ ಕಲಿಯುತ್ತಾರೆ.

ಹೆತ್ತವರು ಮನೆಯಲ್ಲಿ ಮಾಡಬಹುದಾದದ್ದು ಸಣ್ಣದು. ರಾತ್ರಿ ಟಿವಿಯ ಮುಂದೆ ಎಲ್ಲರೂ ಕುಳಿತಿರುವಾಗ, ನಾಯಕ ಹಾರಿದಾಗಲೋ ಬಾಂಬು ಸಿಡಿದಾಗಲೋ, ‘ಇದು ಆಗುವಂಥದ್ದಾ ಮಗಾ?’ ಎಂದು ಒಂದು ಪ್ರಶ್ನೆ ಹಾಕಿ. ತುಳುವಿನಲ್ಲಿ ಕೇಳಿ, ಹವ್ಯಕದಲ್ಲಿ ಕೇಳಿ, ಮಲಯಾಳದಲ್ಲಿ ಕೇಳಿ. ಉತ್ತರ ನಿಮಗೆ ಗೊತ್ತಿರಬೇಕೆಂದಿಲ್ಲ. ‘ನಾಳೆ ಟೀಚರಲ್ಲಿ ಕೇಳಿಕೊಂಡು ಬಾ’ ಎಂದರೆ ಸಾಕು. ಮರುದಿನ ಆ ಮಗು ಕೇಳಿದಾಗ ಉತ್ತರವನ್ನು ಕನ್ನಡದಲ್ಲಿ ಹೇಳಬಲ್ಲ ಅಧ್ಯಾಪಕರು ಪ್ರತಿಯೊಂದು ಕನ್ನಡ ಶಾಲೆಯಲ್ಲೂ ಇರುವಂತೆ ನೋಡಿಕೊಳ್ಳುವುದು ಸರಕಾರದ ಹೊಣೆ. ಅದನ್ನು ಬಿಡದೆ ಕೇಳುತ್ತಿರುವುದು ನಮ್ಮದು.